ಹನ್ನೆರಡು ತಿಂಗಳ ಹಸಿರು

ಮನುಷ್ಯನಿಗೆ ಕಣ್ಣು ಕೊಟ್ಟ ದೇವರು ಆ ಕಣ್ಣು ತಣಿಯಲೆಂದು ಹಸಿರನ್ನೂ ಕೊಟ್ಟ. ಆದರೆ ಕೊಯಮತ್ತೂರಿನಲ್ಲಿ ನಮ್ಮ ಬೀದಿಗೆ ಬರುವಷ್ಟರಲ್ಲಿ ಅವನ ಬಳಿ ಹಸಿರು ಮುಗಿದುಹೋಗಿತ್ತು.

ನಮ್ಮ ಮನೆಯ ಮುಂದೆ ಇದ್ದದ್ದು ಒಂದೇ ಒಂದು ಮಲ್ಲಿಗೆ ಬಳ್ಳಿ. ನನ್ನ ಹೆಂಡತಿ ಸರಸ್ವತಿ ಬೆಳೆಸಿದ್ದು. ವರ್ಷಕ್ಕೆ ನಾಲ್ಕು ತಿಂಗಳು ಹೂ ಬಿಡುತ್ತಿತ್ತು. ಉಳಿದ ಎಂಟು ತಿಂಗಳು ಒಣ ಹಗ್ಗದಂತೆ ನೇತಾಡುತ್ತಿತ್ತು. ಇದು ಸಾಲದೆಂದು ಯಾರಿಗೂ ಅನ್ನಿಸಿರಲಿಲ್ಲ, ಅನ್ನೂರಿನ ನಮ್ಮ ಅತ್ತೆಯವರಿಗೆ ಕಣ್ಣಿನ ಪೊರೆಯ ಆಪರೇಷನ್ ನಿಶ್ಚಯವಾಗುವವರೆಗೆ.

"ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಅಮ್ಮ ನಮ್ಮನೇಲಿ ಒಂದು ದಿನಾನೂ ತಂಗಿಲ್ಲ" ಎಂದಳು ಸರಸ್ವತಿ. "ಈ ಸಲನಾದ್ರೂ ಮೂರು ತಿಂಗಳು ಇಟ್ಟುಕೋಬೇಕು. ಕಟ್ಟು ಬಿಚ್ಚಿದ ಮೇಲೆ ಪಚ್ಚೆಯಾಗಿರೋದನ್ನ ನೋಡ್ತಾ ಇರಬೇಕಂತೆ, ಡಾಕ್ಟರ್ ಹೇಳಿದಾರೆ."

"ಆ ಜವಾಬ್ದಾರಿ ನನ್ನದು" ಎಂದೆ.

ಇಂಥ ಮಾತುಗಳನ್ನು ನಾನು ಆಡಬಾರದು.

ನಮ್ಮ ನಲ್ಲಿಗೆ ನೀರು ಬರುವುದು ಮೂರು ದಿನಕ್ಕೊಮ್ಮೆ. ಆದ್ದರಿಂದ ಹನಿ ನೀರು ಕೇಳದೆ ಹನ್ನೆರಡು ತಿಂಗಳೂ ಹಸಿರಾಗಿರುವ ಗಿಡಗಳೇ ಬೇಕಿತ್ತು. ನಾನು ದಿನವೂ ಟೌನ್ ಬಸ್ಸಿನಲ್ಲಿ ಪೋತ್ತನೂರಿನ ರೈಲ್ವೆ ಕಚೇರಿಗೆ ಹೋಗುವವನು. ದಾರಿಯಲ್ಲಿ ಒಂದು ಉದ್ದನೆಯ ಗೋಡೆ. ಅದರ ಮೇಲಿಂದ ಇಣುಕುವ ಕಣಗಿಲೆ. ಊರೆಲ್ಲ ಸುಟ್ಟ ಹಪ್ಪಳದಂತಾಗುವ ಮೇ ತಿಂಗಳಲ್ಲೂ ಅದು ನಗುತ್ತಿತ್ತು. ಒಂದು ಶನಿವಾರ ಬಸ್ಸಿಳಿದು, ಹಿಂಬದಿಯ ಒಡೆದ ಗೋಡೆಯ ಸಂದಿನಿಂದ ಒಳಹೊಕ್ಕೆ.

ಎಂಥ ಶಿಸ್ತು! ಆರಡಿ ಉದ್ದ, ಮೂರಡಿ ಅಗಲದ, ದಿಬ್ಬದಂತೆ ಏರಿಸಿದ ಮಡಿಗಳು. ತಲೆಯ ಕಡೆ ಒಂದೊಂದು ಕಣಗಿಲೆ, ಪಕ್ಕಕ್ಕೆ ಕ್ರೋಟನ್, ಸುತ್ತಲೂ ನಿತ್ಯಪುಷ್ಪ. ಗದ್ದಲವಂತೂ ಇಲ್ಲವೇ ಇಲ್ಲ. ಬೇರೆ ಯಾರೇ ಆಗಿದ್ದರೂ ಇಷ್ಟರಲ್ಲಿ ಊಹಿಸುತ್ತಿದ್ದರು. ನಾನು ಟೇಪು ಹಿಡಿದು ಅಳತೆ ತೆಗೆದುಕೊಂಡೆ.

ಅಲ್ಲಿ ಮಣ್ಣು ಅಗೆಯುತ್ತಿದ್ದ ಮುದುಕನ ಬಳಿ ಸಸಿ ಕೇಳಿದೆ. ಅವನ ತಮಿಳನ್ನು ಕನ್ನಡದಲ್ಲಿ ಹೇಳುತ್ತೇನೆ.

"ಯಾರಿಗೆ ಸಾಮಿ?"

"ನಮ್ಮ ಅತ್ತೆಯವರಿಗೆ."

"ಅಯ್ಯೋ ಪಾಪ. ಯಾವಾಗ?"

"ಬರುವ ವಾರ. ಡಾಕ್ಟರು ದಿನ ಹೇಳಿದ್ದಾರೆ."

ಮುದುಕ ಗುದ್ದಲಿ ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದ. "ಇಷ್ಟು ಮುಂಚೆಯೇ ಏರ್ಪಾಟು ಮಾಡುವ ಅಳಿಯನನ್ನು ನಾನು ಕಂಡಿಲ್ಲ" ಎಂದು, ಕೇಳಿದಷ್ಟು ಸಸಿ ಕೊಟ್ಟ. ನನ್ನ ಎದೆಯುಬ್ಬಿತು!

ಮಲ್ಲಿಗೆ ಬಳ್ಳಿಯನ್ನು ಕಿತ್ತು, ಅತ್ತೆಯವರ ಕೋಣೆಯ ಕಿಟಕಿಗೆ ನೇರವಾಗಿ ನಾಲ್ಕು ಮಡಿಗಳಿಗೆ ಅಗೆದೆ. ಮೂರನ್ನು ಅಳತೆ ತಪ್ಪದಂತೆ ಏರಿಸಿ ನೆಟ್ಟೆ. ಅಷ್ಟರಲ್ಲಿ ಸಸಿಯೂ ನನ್ನ ಸೊಂಟವೂ ಮುಗಿದವು. ನಾಲ್ಕನೆಯದು ಹಳ್ಳವಾಗಿಯೇ ಉಳಿಯಿತು.

ಸರಸ್ವತಿ ಮಲ್ಲಿಗೆಗಾಗಿ ಮುನಿಸಿಕೊಂಡೇ ಹೊರಬಂದು ನೋಡಿದಳು. "ಏನೂಂದ್ರೆ, ಇದನ್ನ ಎಲ್ಲೋ ನೋಡಿದೀನಿ. ಎಲ್ಲಿ ಅಂತ ನೆನಪಿಗೆ ಬರ್ತಿಲ್ಲ. ಮನಸ್ಸಿಗೆ ಒಂಥರಾ ಆಗ್ತದೆ."

"ಅದೇ ತೋಟದ ಪರಿಣಾಮ" ಎಂದು ಗಂಭೀರವಾಗಿ ವಿವರಿಸಿದೆ.

ಅತ್ತೆಯವರು ಕಣ್ಣಿಗೆ ಕಟ್ಟು ಕಟ್ಟಿಕೊಂಡು ಬಂದರು. ಅವರು ಹಳೆಯ ಕಾಲದವರು. ಅಳಿಯನೊಡನೆ, ಅವರ ಬಾಯಲ್ಲಿ 'ಮಾಪಿಳ್ಳೆ'ಯೊಡನೆ, ನೇರವಾಗಿ ಮಾತಾಡುವವರಲ್ಲ. ನನಗೆ ಹೇಳಬೇಕಾದ್ದನ್ನು ನನ್ನೆದುರಿಗೇ ಮಗಳಿಗೆ ಹೇಳುವರು. "ಸರಸು, ಈ ಮನೆ ಎಷ್ಟು ಅಮೈದಿಯಾಗಿದೆ, ಒಂದು ಸದ್ದಿಲ್ಲ, ಗದ್ದಲವಿಲ್ಲ. ಮೂರು ತಿಂಗಳೇನು, ಇಲ್ಲೇ ಇದ್ದುಬಿಡ್ತೀನಿ" ಎಂದರು. ಸರಸ್ವತಿಯ ಕಣ್ಣು ಒದ್ದೆಯಾಯಿತು. ಒಂದು ವಾರ ನನಗೆ ದಿನವೂ ಎರಡು ಸಲ ಕಾಫಿ ಸಿಕ್ಕಿತು.

ಕಟ್ಟು ಬಿಚ್ಚಿದ ದಿನ ದಪ್ಪ ಕನ್ನಡಕ ಹಾಕಿಸಿ, ಕುರ್ಚಿಯಲ್ಲಿ ಕೂರಿಸಿ, ನಾನೇ ಕಿಟಕಿ ತೆರೆದೆ.

ಅತ್ತೆಯವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಸರಸು, ನಿನ್ನ ಗಂಡನ್ನ ಕೇಳು. ನಮ್ಮ ಹೊಲದ ಆಚೆ ಸುಡುಗಾಡಿದೆಯಲ್ಲ, ಅದನ್ನ ಯಾಕೆ ಇಲ್ಲಿಗೆ ತಂದಿದಾರೆ ಅಂತ."

ಸರಸ್ವತಿಗೆ ಆಗ ನೆನಪಾಯಿತು, ಎಲ್ಲಿ ನೋಡಿದ್ದೆಂದು. ನನಗೂ ಹೊಳೆಯಿತು, ಮುದುಕ ಯಾಕೆ ಗುದ್ದಲಿ ಕೆಳಗಿಟ್ಟನೆಂದು.

"ಮೂರು ತುಂಬಿದೆ. ಆ ಖಾಲಿ ಗುಂಡಿ ಯಾರಿಗೆ ಅಂತನೂ ಕೇಳು."

ನಾನು ಗಾಬರಿಯಲ್ಲಿ ಬಾಯಿಬಿಟ್ಟೆ: "ಅತ್ತೇ, ಎಲ್ಲಾ ನಿಮಗೋಸ್ಕರಾನೇ ಮಾಡಿದ್ದು!"

ಅತ್ತೆಯವರು ತಲೆಯ ಮೇಲೆ ಸೆರಗೆಳೆದುಕೊಂಡು ನನ್ನ ಕಡೆಗೆ ತಿರುಗಿದರು.

"ಮಾಪಿಳ್ಳೆ, ನಾನು ಮೆಲ್ಲಗೆ ಬರ್ತೀನಿ. ನೀವು ಅವಸರಪಡಬೇಡಿ."

ಇಪ್ಪತ್ತೆರಡು ವರ್ಷಗಳಲ್ಲಿ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಎರಡನೆಯದು ಪೊಳ್ಳಾಚಿ ಬಸ್ಸು ಎಷ್ಟು ಗಂಟೆಗೆಂಬುದು. ಅಲ್ಲಿ ಅವರ ಕಿರಿಯ ಅಳಿಯನ ಮನೆ. ಆ ಮನೆಯ ಮುಂದೆ ಒಂದು ತೆಂಗು, ಒಂದು ಸಗಣಿ ಗುಡ್ಡೆ, ಬೇರೇನೂ ಇಲ್ಲ. ಸರಸ್ವತಿಯೂ ಜೊತೆಗೆ ಹೋಗಿ ಹದಿನೈದು ದಿನ ಇದ್ದು ಬಂದಳು. ಬರುವಾಗ ಒಂದು ಮಲ್ಲಿಗೆ ಬಳ್ಳಿ ತಂದು ನಾಲ್ಕನೆಯ ಹಳ್ಳದಲ್ಲಿ ನೆಟ್ಟಳು. ಉಳಿದ ಗಿಡಗಳನ್ನು ನಾನು ಎರಡು ಸಲ ಕಿತ್ತು ನೋಡಿದೆ. ಎರಡು ಸಲವೂ ಚಿಗುರಿದವು.

ಮಲ್ಲಿಗೆ ಒಣಗಿದೆ. ಅತ್ತೆಯವರು ಪೊಳ್ಳಾಚಿಯಲ್ಲಿ ಆರೋಗ್ಯವಾಗಿದ್ದಾರೆ. ತೋಟ ಹಸಿರಾಗಿದೆ.