ಒಂದೇ ಒಂದು ಸಹಿ

ಬೋರ್ಡ್ ಬರೆಯುವ ಆರ್ಟಿಸ್ಟನ ಸಹಿಯಷ್ಟು ಚೆಂದದ ಸಹಿ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಮೊದಲ ಅಕ್ಷರ ಕತ್ತು ಬಾಗಿಸಿದ ಹಂಸದ ಹಾಗೆ ಶುರುವಾಗಿ, ನಡುವಿನವು ಒಂದರ ಹೆಗಲ ಮೇಲೊಂದು ಕೈಯಿಟ್ಟು ಸಾಗಿ, ಕೊನೆಯದರಿಂದ ಉದ್ದನೆಯ ಬಾಲವೊಂದು ಹೊರಟು ಇಡೀ ಹೆಸರಿನ ಕೆಳಗೆ ಹಿಂದಕ್ಕೆ ಬಂದು ನಿಲ್ಲುತ್ತಿತ್ತು. ಬಾಲದಡಿ ಎರಡು ಚುಕ್ಕೆ. ಚುಕ್ಕೆ ಇಡುವ ಮುಂಚೆ ಅವನು ಉಸಿರು ಹಿಡಿಯುತ್ತಿದ್ದ.

ತೊಂದರೆಯ ಮೂಲವೂ ಅದೇ. ಯಾರಾದರೂ ಸಹಿಗೆಂದು ಕಾಗದ ಚಾಚಿದರೆ ಅವನು ಮೇಲೆ ಬರೆದಿದ್ದನ್ನು ಓದುತ್ತಿರಲಿಲ್ಲ; ಕೆಳಗೆ ಜಾಗ ಎಷ್ಟಿದೆ ಎಂದು ನೋಡುತ್ತಿದ್ದ. ಕೈಬರಹದ ಬೋರ್ಡುಗಳ ಕಾಲ ಮುಗಿದು ಪ್ರಿಂಟಿಂಗ್ ಮಶೀನು ತರಬೇಕಾದಾಗ ಒಂದು ಸಹಿ, ಮಶೀನಿನ ಕಂತು ಕಟ್ಟಲು ಇನ್ನೊಂದು, ಅದರ ಬಡ್ಡಿಗೆಂದು ಕ್ರೆಡಿಟ್ ಕಾರ್ಡುಗಳ ಅರ್ಜಿಯ ಮೇಲೆ ನಾಲ್ಕು. ಆರು ಸುಂದರ ಸಹಿಗಳು ಸೇರಿ ಅಂಗಡಿಯನ್ನು ಮುಳುಗಿಸಿದ್ದವು. ಮರುದಿನ ಬೆಳಿಗ್ಗೆ ಬ್ಯಾಂಕಿನವರು ಬೀಗ ಹಾಕಲು ಬರುವವರಿದ್ದರು.

ಉಳಿದಿದ್ದು ಎರಡು ದಾರಿ. ಸಾಲ ಸಲಹಾ ಕೇಂದ್ರದವರು ಬ್ಯಾಂಕುಗಳ ಜೊತೆ ಮಾತಾಡಿ ಗೊತ್ತುಮಾಡಿಕೊಡುವ ಕಂತನ್ನು ಐದು ವರ್ಷ ಹಲ್ಲು ಕಚ್ಚಿ ಕಟ್ಟುವುದು. ಇಲ್ಲವೇ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿ ಕೈ ತೊಳೆದುಕೊಳ್ಳುವುದು. ಒಂದು ತಿಂಗಳಿಂದ ಅವನು ಬೆಳಿಗ್ಗೆ ಅದು ಅನ್ನುತ್ತಿದ್ದ, ಸಂಜೆ ಇದು ಅನ್ನುತ್ತಿದ್ದ.

ಹೆಂಡತಿ ಮನೆಯ ಪೆನ್ನುಗಳನ್ನೆಲ್ಲ ಎಂದೋ ಹಿಟ್ಟಿನ ಡಬ್ಬದಲ್ಲಿ ಹುಗಿದಿಟ್ಟಿದ್ದಳು. ಅಂದು ಒಂದನ್ನು ಹೊರತೆಗೆದು, ಹಿಟ್ಟು ಒರೆಸಿ ಅವನ ಜೇಬಿಗೆ ಸಿಕ್ಕಿಸಿದಳು.

"ಸಂಜೆಯೊಳಗೆ ಅದೋ ಇದೋ ತೀರ್ಮಾನ ಆಗ್ಬೇಕು. ಒಂದೇ ಒಂದು ಸಹಿ. ಹಾಕಿ ಪೆನ್ನು ವಾಪಸ್ ತಂದ್ಕೊಡಿ."

ಹೊರಡುವ ಮುಂಚೆ ಗಡ್ಡ ತೆಗೆಸೋಣವೆಂದು ಪಕ್ಕದ ಸಲೂನಿಗೆ ಹೋದದ್ದೇ ತಪ್ಪಾಯಿತು. ಕುರ್ಚಿಯಲ್ಲಿ ರಿಟೈರಾದ ಮೇಷ್ಟ್ರು ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ನೊರೆಯಾಗಿ ಕೂತಿದ್ದರು. ವಿಷಯ ಕಿವಿಗೆ ಬಿದ್ದೊಡನೆ ಎದ್ದು ನಿಂತು, ಮನುಷ್ಯನಿಗೆ ಮಾನ ಮುಖ್ಯ, ದಿವಾಳಿ ಅನ್ನುವ ಮಾತನ್ನೇ ಎತ್ತಬಾರದು ಎಂದು ಪಾಠ ಶುರುಮಾಡಿದರು. ಸಲೂನಿನವನು ಅವರನ್ನು ಮೆತ್ತಗೆ ಕೂರಿಸಿ, ಕತ್ತಿಯನ್ನು ಗಂಟಲ ಹತ್ತಿರ ಹಿಡಿದು, "ಮಾನಕ್ಕೆ ಬಡ್ಡಿ ಕಟ್ಟೋರ್ಯಾರು ಮೇಷ್ಟ್ರೇ?" ಅಂದ. ಮೇಷ್ಟ್ರು ಅಲುಗಾಡದೆ ಒಪ್ಪಿಕೊಂಡರು.

ಆಮೇಲೆ ಸಲೂನಿನವನು ಮಾಡಿದ್ದನ್ನು ಒಡಹುಟ್ಟಿದವರೂ ಮಾಡಲಿಕ್ಕಿಲ್ಲ. ಮೇಷ್ಟ್ರನ್ನು ಕಳಿಸಿ ಸಲೂನಿನ ಬಾಗಿಲು ಎಳೆದ. "ನೀನೊಬ್ಬನೇ ಹೋದ್ರೆ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀಯ ಆರ್ಟಿಸ್ಟೇ. ನಾನೂ ಬರ್ತೀನಿ ನಡಿ." ಒಂದು ದಿನದ ದುಡಿಮೆ ಬಿಟ್ಟು ತನ್ನ ಕಷ್ಟಕ್ಕೆ ಹೊರಟ ಆ ಹಿರಿಯನ ಹಿಂದೆ ಆರ್ಟಿಸ್ಟ್ ಗಡ್ಡದ ಮಾತೇ ಮರೆತು ನಡೆದ.

ಸಲಹಾ ಕೇಂದ್ರದ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ಆದರೆ ಅವರ ಕೆಲಸ ನೋಡುತ್ತ ಕೂತರೆ ಸಾಲ ಮರೆತುಹೋಗುತ್ತಿತ್ತು. ಗಂಟುಬಿದ್ದ ನೂಲನ್ನು ತಾಳ್ಮೆಯಿಂದ ಬಿಡಿಸುವವರ ಹಾಗೆ ಆರು ಸಾಲಗಳನ್ನು ಬಿಡಿಸಿ, ಬಡ್ಡಿ ತಗ್ಗಿಸಿ, ದಿನದ ಕಾಫಿಯ ಲೆಕ್ಕವನ್ನೂ ಕೇಳಿ, ಎಲ್ಲವನ್ನೂ ಒಂದು ಹಾಳೆಗೆ ಇಳಿಸಿದರು. ಐದು ವರ್ಷ, ತಿಂಗಳಿಗೊಂದೇ ಕಂತು. ಇಂದೇ ಸಹಿಯಾದರೆ ಅಂಗಡಿಗೆ ಬೀಗ ಬೀಳುವುದಿಲ್ಲ. ಆದರೆ ಒಂದು ಪೈಸೆ ಹೆಚ್ಚು ಹೊರೆ ಬಿದ್ದರೂ ಈ ಏರ್ಪಾಡು ನಿಲ್ಲುವುದಿಲ್ಲ ಎಂದರು. ಕಾರ್ಡುಗಳನ್ನು ಕತ್ತರಿಸಲು ಹೋದರೆ ಅವರ ಕತ್ತರಿ ಮೊಂಡು. ಸಲೂನಿನವನು ಜೇಬಿನಿಂದ ತನ್ನದನ್ನು ತೆಗೆದು, ಗಾಳಿಯಲ್ಲಿ ಎರಡು ಸಲ ಚಕಚಕ ಆಡಿಸಿ, ನಾಲ್ಕನ್ನೂ ಮೀಸೆ ಟ್ರಿಮ್ ಮಾಡಿದಷ್ಟು ನಾಜೂಕಾಗಿ ಕತ್ತರಿಸಿ ಮೇಜಿನ ಮೇಲೆ ಉದುರಿಸಿದ.

ಆರ್ಟಿಸ್ಟ್ ಮೂರು ಗಂಟೆಗೆ ಬಂದು ತೀರ್ಮಾನ ಹೇಳುತ್ತೇನೆಂದು ಎದ್ದ.

ಅಲ್ಲಿಂದ ಇಬ್ಬರೂ ಹೋದ ವಕೀಲರ ಕೋಣೆಯಲ್ಲಿ ಫೈಲುಗಳ ಹಿಂದೆಲ್ಲೋ ವಕೀಲರಿದ್ದರು. ದಿವಾಳಿ ಅಂದರೆ ಅವಮಾನವಲ್ಲ, ಏಳಲಾಗದವನಿಗೆ ಕಾನೂನು ಚಾಚುವ ಕೈ ಎಂದು ಅವರು ವಿವರಿಸಿದ ರೀತಿಗೆ ಆರ್ಟಿಸ್ಟನಿಗೆ ಅರ್ಧ ಸಾಲ ಆಗಲೇ ತೀರಿದಂತಾಯಿತು. ಪೆನ್ನಿನ ಮುಚ್ಚಳವನ್ನೂ ತೆಗೆದ. ಆದರೆ ಪ್ರಶ್ನೆಗಳನ್ನೆಲ್ಲ ಕೇಳಿದವನು ಸಲೂನಿನವನು.

"ಅಲ್ಲ ಸಾರ್, ದಿವಾಳಿ ಆದವನ ಕತ್ತರಿ, ಕುರ್ಚಿ, ಕನ್ನಡಿ ಎಲ್ಲ ತಗೊಂಡು ಹೋಗ್ತಾರಾ?"

ಕುಂಚ, ಬಣ್ಣದ ಡಬ್ಬ ಅನ್ನಲು ಹೋಗಿ ಪಾಪ ಅಣ್ಣನ ಬಾಯಿಗೆ ತನ್ನ ಕಸುಬಿನ ಮಾತೇ ಬಂತು ಎಂದುಕೊಂಡ ಆರ್ಟಿಸ್ಟ್. ದುಡಿದು ತಿನ್ನುವ ಸಾಮಾನನ್ನು ಸಾಧಾರಣವಾಗಿ ಮುಟ್ಟುವುದಿಲ್ಲ ಎಂದರು ವಕೀಲರು. "ಒಂದು ವಿಷಯ ಮಾತ್ರ. ನೀವು ಬಚಾವಾಗ್ತೀರಿ, ನಿಮಗೆ ಜಾಮೀನು ಹಾಕಿದವರ ಕುತ್ತಿಗೆಗೆ ಬರುತ್ತೆ."

ಆರ್ಟಿಸ್ಟನ ಮಶೀನಿನ ಸಾಲಕ್ಕೆ ಜಾಮೀನು ನಿಂತವನು ಹೆಂಡತಿಯ ತಮ್ಮ. ಬಸ್ಸಿನ ಕಂಡಕ್ಟರು, ಅಕ್ಕ ಕೇಳಿದಳೆಂದು ಡ್ಯೂಟಿಯ ನಡುವೆ ಇಳಿದು ಬಂದು ಸಹಿ ಹಾಕಿದ್ದ. ಸಹಿ ಎಂದರೆ ಟಿಕೆಟ್ ಹರಿದ ಹಾಗೆ ಒಂದು ಗೆರೆ. ಆರ್ಟಿಸ್ಟನಿಗೆ ಈಗ ಆ ಗೆರೆ ಕಣ್ಣಿಗೆ ಕಟ್ಟಿತು. ಮುಚ್ಚಳ ಹಾಕಿದ.

"ಬೇಡ ಅಣ್ಣ. ಐದು ವರ್ಷ ತಾನೇ, ಕಟ್ತೀನಿ."

ಸಲೂನಿನವನು ಅವನ ಹೆಗಲ ಮೇಲೆ ಕೈಯಿಟ್ಟ. ಆಮೇಲೆ, "ನೀನು ದೊಡ್ಡ ಮನುಷ್ಯ ಕಣೋ" ಅಂದ. ವಕೀಲರ ಕತ್ತಿನ ಮೇಲೆ ಕೂದಲು ಕಾಡಾಗಿದೆ, ಸರಿ ಮಾಡಿ ಬರುತ್ತೇನೆ, ನೀನು ನಡೆ ಎಂದು ಹಿಂದೆ ಉಳಿದ.

ಮೂರಕ್ಕೆ ಮೇಡಂ ಕಾಗದ ಮುಂದಿಟ್ಟು ಕೊನೆಯದೊಂದು ಕೇಳಿದರು. "ನೀವು ಬೇರೆ ಯಾರಿಗಾದ್ರೂ ಜಾಮೀನು ಹಾಕಿದೀರಾ?"

ಆರ್ಟಿಸ್ಟ್ ಪ್ರಾಮಾಣಿಕವಾಗಿ ಯೋಚಿಸಿದ. ಹಾಕಿದ ಸಹಿಗಳೆಲ್ಲ ನೆನಪಿದ್ದವು, ಯಾವ ಕಾಗದ ಎಂಬುದು ಮಾತ್ರ ಇರಲಿಲ್ಲ. "ನೆನಪಿಲ್ಲ ಮೇಡಂ" ಅಂದ. ಅಷ್ಟು ನಿರ್ಮಲವಾದ ಮುಖ ನೋಡಿ ಅವರು 'ಇಲ್ಲ' ಎಂದು ಬರೆದುಕೊಂಡರು. ಅವನು ಉಸಿರು ಹಿಡಿದು ಎರಡು ಚುಕ್ಕೆ ಇಟ್ಟಾಗ ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು.

ಮನೆಗೆ ಬಂದು ಪೆನ್ನು ಒಪ್ಪಿಸಿದ. ತಮ್ಮನ ಸಲುವಾಗಿ ಕೋರ್ಟಿನ ದಾರಿ ಬಿಟ್ಟನೆಂದು ಕೇಳಿ ಹೆಂಡತಿ ಕಾಫಿಗಿಟ್ಟಳು. ಅದಕ್ಕೆ ಎಂದಿಗಿಂತ ಒಂದು ಚಮಚ ಸಕ್ಕರೆ ಹೆಚ್ಚು ಬಿತ್ತು. ಪೆನ್ನು ಡಬ್ಬದೊಳಗೆ ಹೋಯಿತು.

ಅವನು ಲೋಟ ಕೆಳಗಿಡುವ ಮೊದಲೇ ಸಲೂನಿನವನು ಬಂದ. ಕಣ್ಣು ಒದ್ದೆ, ಕೈಯಲ್ಲಿ ಫೈಲು. ಆರ್ಟಿಸ್ಟನ ಎರಡೂ ಕೈ ಹಿಡಿದುಕೊಂಡ.

"ಎರಡು ವರ್ಷದಿಂದ ನನ್ನ ಸಾಲದ ವಿಷಯ ಯಾರ ಹತ್ರನೂ ಹೇಳ್ಕೊಂಡಿರಲಿಲ್ಲ ಕಣೋ. ಇವತ್ತು ನಿನ್ನ ನೋಡಿ ಧೈರ್ಯ ಬಂತು. ವಕೀಲರು ಫೀಸೂ ಬಿಟ್ರು, ವರ್ಷವಿಡೀ ಕಟಿಂಗ್ ಮಾಡ್ಕೊಡು ಅಂದ್ರು. ದಿವಾಳಿ ಅರ್ಜಿ ಹಾಕ್ಬಿಟ್ಟೆ."

ಆರ್ಟಿಸ್ಟ್ ಮನಸಾರೆ ಸಮಾಧಾನ ಹೇಳಿದ. ಇದರಲ್ಲಿ ಅವಮಾನವೇನೂ ಇಲ್ಲ, ಕಾನೂನು ಚಾಚುವ ಕೈ ಅಣ್ಣ ಇದು ಎಂದ.

"ನೀನು ಹೀಗೇ ಅಂತೀಯ ಅಂತ ಗೊತ್ತಿತ್ತು" ಎಂದು ಸಲೂನಿನವನು ಫೈಲು ಬಿಚ್ಚಿದ. "ಆ ಮೂರು ತಿರುಗೋ ಕುರ್ಚಿ ತಂದಾಗ ಬ್ಯಾಂಕಲ್ಲಿ ನೀನೇ ಅಲ್ವಾ ಜಾಮೀನು?"

ಹೆಂಡತಿ ಫೈಲು ಕಸಿದುಕೊಂಡಳು. ಹಳದಿಗಟ್ಟಿದ ಕಾಗದದ ಬುಡದಲ್ಲಿ ಹಂಸ ಕತ್ತು ಬಾಗಿಸಿತ್ತು. ಬಾಲ, ಎರಡು ಚುಕ್ಕೆ. ಅದು ಅವನದಲ್ಲ ಅನ್ನಲು ಲೋಕದಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಅವನು ಕಾಗದ ನೋಡುತ್ತಿದ್ದ.

"ಜಾಮೀನುದಾರರಿಗೆ ತಿಳಿಸಿದೀನಿ ಅಂತ ಇಲ್ಲೊಂದು ಸಹಿ ಬೇಕಂತೆ" ಎಂದು ಸಲೂನಿನವನು ಹೊಸ ಹಾಳೆ ಚಾಚಿದ.

"ಮನೇಲಿ ಪೆನ್ನಿಲ್ಲ" ಅಂದಳು ಹೆಂಡತಿ.

ಸಲೂನಿನವನ ಜೇಬಿನಲ್ಲಿತ್ತು, ವಕೀಲರು ಕೊಟ್ಟಿದ್ದು. ಒಳ್ಳೆಯ ತೂಕದ ಪೆನ್ನು, ತಾನಾಗಿ ಜಾರುವ ಮೊನೆ. ಹಾಳೆಯ ಕೆಳಗೆ ಧಾರಾಳ ಜಾಗವಿತ್ತು. ಆರ್ಟಿಸ್ಟ್ ಉಸಿರು ಹಿಡಿದು ಎರಡನೆಯ ಚುಕ್ಕೆ ಇಟ್ಟು, ಕಾಗದವನ್ನು ತುಸು ದೂರ ಹಿಡಿದ.

"ಈ ಸಲ ಬಾಲ ಇನ್ನೂ ಚೆನ್ನಾಗಿ ಬಂತು, ನೋಡು" ಅಂದ.