ಚಿಕ್ಕಪ್ಪನ ಸ್ಲಾವಿಕ್ ಆಶೀರ್ವಾದ

ನಮ್ಮ ಚಿಕ್ಕಪ್ಪನಿಗೆ ರಷ್ಯನ್ ಬರುವುದಿಲ್ಲ. ಪೋಲಿಷ್ ಬರುವುದಿಲ್ಲ. ಬಲ್ಗೇರಿಯನ್ನಿನಲ್ಲಿ ಒಂದು ಲೋಟ ನೀರು ಕೇಳುವಷ್ಟೂ ಬರುವುದಿಲ್ಲ. ಆದರೂ ಆ ಭಾಷೆಯವರು ಎದುರು ಸಿಕ್ಕರೆ ಅವರ ಮಾತಿನ ಮೂಲವನ್ನು ಅವರಿಗೇ ಕಲಿಸಿ ಕಳಿಸುತ್ತಾರೆ. ಅಮೆರಿಕದ ಈ ರಾಕ್‌ವಿಲ್‌ನಲ್ಲಿ ಇಂಥವರು ಇನ್ನೊಬ್ಬರಿದ್ದರೆ ತಿಳಿಸಿ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡು ಬರೋಣ.

ಕೋವಿಡ್ ಕಾಲದಲ್ಲಿ ಲ್ಯಾಬ್ ಕೆಲಸದಿಂದ ನಿವೃತ್ತರಾದ ಮೇಲೆ ಹಿಡಿದ ಹುಚ್ಚು ಇದು. ಬೇರೆಯವರು ಬಾಲ್ಕನಿಯಲ್ಲಿ ಮೆಂತ್ಯ ಬೆಳೆದರು. ಇವರು ನಿಘಂಟು ತರಿಸಿದರು. ರಷ್ಯನ್ನರು ಲವಲವಿಕೆಗೆ 'ಬೋದ್ರೊಸ್ತ್' ಎನ್ನುತ್ತಾರಂತೆ. ಅದು ನಮ್ಮ ಬುದ್ಧಿ, ಬೋಧೆಗಳ ದಾಯಾದಿ. ಎಲ್ಲದರ ಹಿಂದೆ ಇರುವ ಅರ್ಥ ಎಚ್ಚರವಾಗಿರುವುದು. ವಿವೇಕಕ್ಕೆ 'ಮೂದ್ರೊಸ್ತ್', ನಮ್ಮ ಮೇಧೆಗೆ ದೂರದ ನೆಂಟ. ಬಲಕ್ಕೆ 'ಸಿಲಾ'. ಅದು ನಮ್ಮ ಶಿಲೆ ತಾನೇ ಎಂದು ನಾನು ಜಾಣತನ ತೋರಿಸಲು ಹೋಗಿ ಬೈಸಿಕೊಂಡೆ.

"ಕಿವಿಗೆ ಒಂದೇ ಥರ ಕೇಳ್ಸಿದ್ರೆ ನೆಂಟಸ್ತನ ಆಗಲ್ಲಪ್ಪ. ಸಿಲಾದ ಬೇರು ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಹತ್ತಿರದ ರೆಸ್ಟನ್‌ನಲ್ಲಿ ನಮ್ಮ ಗೃಹಪ್ರವೇಶ. ನಾನೂ ನನ್ನ ಹೆಂಡತಿಯೂ ನಮಸ್ಕಾರ ಮಾಡಿದೆವು. ಚಿಕ್ಕಪ್ಪ ಅಕ್ಷತೆ ಹಾಕಿ, ಗಂಭೀರ ಸ್ವರದಲ್ಲಿ, "ಸಿಲಾ, ಬೋದ್ರೊಸ್ತ್, ಮೂದ್ರೊಸ್ತ್" ಎಂದರು. ಪುರೋಹಿತರು ಮಂತ್ರ ನಿಲ್ಲಿಸಿದರು.

"ಸರ್, ಇದು ಯಾವ ಶಾಖೆ?"

"ವೋಲ್ಗಾ ತೀರದ್ದು."

"ಓ, ಅಲ್ಲೂ ದೇವಸ್ಥಾನ ಆಗಿದ್ಯಾ?"

"ಭಟ್ರೇ, ನೀವು ಮುಂದುವರ್ಸಿ," ಎಂದರು ಚಿಕ್ಕಮ್ಮ. "ಇವ್ರನ್ನ ಕೇಳ್ತಾ ನಿಂತ್ರೆ ಹಾಲು ಉಕ್ಕೋದಲ್ಲ, ತಳ ಹಿಡಿಯತ್ತೆ."

ಚಿಕ್ಕಪ್ಪ ಭಟ್ಟರಿಗೆ ವಿವರಿಸಿದರು. ಹಾಲು ತಳ ಹಿಡಿಯಿತು. ಹೊಸ ಮನೆಯ ಮೊದಲ ಮಂಗಳವಾದ್ಯ ಸ್ಮೋಕ್ ಅಲಾರಂನದ್ದೇ.

ಇನ್ನೊಂದು ದಿನ ಊಟಕ್ಕೆ ಕೂತಾಗ 'ಜ್ದರೋವ್' ಸರದಿ. ಆರೋಗ್ಯವಂತ ಎಂದರ್ಥ.

"ಒಳಗಿರೋದು ನಮ್ಮ 'ಸು', ನಮ್ಮ 'ದಾರು' ಕಣೋ. ಗಟ್ಟಿಮುಟ್ಟಾಗಿರೋನು ಅಂದ್ರೆ ಒಳ್ಳೆ ಮರದಲ್ಲಿ ಮಾಡಿದೋನು!"

"ಹಾಗಾದ್ರೆ ಈ ಟೇಬಲ್‌ಗೆ ಹುಷಾರಿಲ್ಲ," ಎಂದರು ಚಿಕ್ಕಮ್ಮ, ಸಾರು ಬಡಿಸುತ್ತಾ. "ಕಾಲು ಅಲ್ಲಾಡ್ತಿದೆ. ಮೊದಲು ಅದನ್ನ ನೋಡ್ರಿ."

ಹೋದ ಚಳಿಗಾಲ ಚಿಕ್ಕಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಇನ್ನು ಮುಂದೆ ನಾನು ಕಂಡಷ್ಟನ್ನೇ ಬರೆಯುತ್ತೇನೆ.

ಮತ್ತೆ ನಡೆಯಲು ಕಲಿಸುವ ರಿಹ್ಯಾಬ್ ಕೇಂದ್ರದ ಕಾರಿಡಾರಿನಲ್ಲಿ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಮ್ಮ ಇನ್ನೂ ನಿಲ್ತಿಲ್ಲ, ಒಂದು ಮಾತೂ ಬಂದಿಲ್ಲ. ನಡೀದಿದ್ರೆ ಮನೆಗೆ ಕಳ್ಸಲ್ವಂತೆ. ಪರ್ಮನೆಂಟಾಗಿ ಇರೋಕೆ ನರ್ಸಿಂಗ್ ಹೋಮ್ ನೋಡಿ ಅಂತಿದಾರೆ. ಅಪ್ಪಂಗೆ ಹೇಳ್ದೆ."

ಥೆರಪಿಸ್ಟ್ ಬಲ್ಗೇರಿಯಾದ ಹೆಂಗಸು. ಇನ್ನು ಪಾಠ ಶುರು ಎಂದುಕೊಂಡೆ. ಮಗಳಿಂದ ಕೇಳಿದ್ದರೋ ಏನೋ, ಆಕೆಯೇ ನಗುತ್ತಾ, ನಮ್ಮ ಮಾತುಗಳ ಬೇರು ಹುಡುಕುವವರು ನೀವೇ ಅಲ್ಲವೇ ಎಂದು ಕೇಳಿದರು. ಚಿಕ್ಕಪ್ಪ ತಲೆಯಾಡಿಸಿದರು. "ಇವತ್ತು ಅದು ಬೇಡ. ಇವಳನ್ನ ನಿಲ್ಸಿ," ಎಂದರು ಇಂಗ್ಲಿಷಿನಲ್ಲಿ.

ಆಕೆ ಚಿಕ್ಕಮ್ಮನ ಸೊಂಟದ ಬೆಲ್ಟ್ ಹಿಡಿದು ಎಬ್ಬಿಸಿದರು. ಚಿಕ್ಕಮ್ಮ ಎಡಗೈಯಲ್ಲಿ ವಾಕರ್ ಹಿಡಿದು ನಿಂತರು. ಮೊಣಕಾಲು ನಡುಗುತ್ತಿತ್ತು. ಚಿಕ್ಕಪ್ಪ ಎದುರಿಗೆ ಬಂದು, ಮುಟ್ಟದೆ, ಎರಡೂ ಕೈ ಚಾಚಿ ಹಿಂದೆ ಹಿಂದೆ ಹೆಜ್ಜೆ ಇಡತೊಡಗಿದರು. ಎಡಗಾಲು ಬಂತು. ತುಂಬ ಹೊತ್ತಿನ ಮೇಲೆ ಬಲಗಾಲು ನೆಲ ಕೆರೆಯುತ್ತಾ ಬಂತು. ಮತ್ತೆ ಎಡಗಾಲು.

ಚಿಕ್ಕಮ್ಮ ತಟ್ಟನೆ ನಿಂತರು. ಕಣ್ಣು ಚಿಕ್ಕಪ್ಪನ ಬೆನ್ನಿನಾಚೆ ನೆಟ್ಟಿತ್ತು. ಅಲ್ಲಿ ಯಾರೋ ಬಿಟ್ಟುಹೋದ ಗಾಲಿಕುರ್ಚಿ. ತುಟಿ ಒಂದು ಕಡೆಗೆ ಎಳೆಯಿತು, ಅದುರಿತು.

"ಹಿಂದೆ... ನೋಡ್ಕೊಳ್ರೀ. ಬೀಳ್ತೀರಾ."

ಚಿಕ್ಕಪ್ಪ ಹಿಂದೆ ನೋಡಲಿಲ್ಲ. ಚಿಕ್ಕಮ್ಮನ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು. ಗಾಲಿಕುರ್ಚಿಯನ್ನು ನಾನೇ ಪಕ್ಕಕ್ಕೆ ಎಳೆದೆ.