ಸದರಿ ಜಾಗಕ್ಕೆ ವಿಪರೀತ ಕಳೆ ಬಂದಿದೆ

ಇವರಿಗೆ,
ಶ್ರೀಯುತ ಕಳೆ ಕೊಚ್ಚುವ ಯಂತ್ರದವರು
(ಹಳದಿ ಬಣ್ಣ, ನಾಲ್ಕು ಗಾಲಿ, ಬಲಗಡೆಯ ದೀಪ ಒಡೆದಿರುವವರು),
ನೀರು ಶುದ್ಧೀಕರಣ ಘಟಕದ ಹಿಂದಿನ ಗೇಟು,
ಅತ್ತಿ ಮರದ ಕೆಳಗೆ.

ಮಾನ್ಯರೇ,

ತಮ್ಮ ಮೂವತ್ತೆರಡು ಉಕ್ಕಿನ ಹಲ್ಲುಗಳಿಗೂ, ಕಳೆದ ಹತ್ತೊಂಬತ್ತು ದಿನಗಳಿಂದ ನಿಂತಲ್ಲೇ ನಿಂತು ನಮ್ಮ ಮೇಲೆ ಉಪಕಾರ ಮಾಡುತ್ತಿರುವ ತಮ್ಮ ನಾಲ್ಕೂ ಗಾಲಿಗಳಿಗೂ ಈ ಘಟಕದ ಸಸಿಮಡಿ ನೋಡಿಕೊಳ್ಳುವವಳ ಅನಂತ ವಂದನೆಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾವೂ ಇಲ್ಲಿ ಬರುವ ಸೋಮವಾರ ಬೆಳಗ್ಗೆ ಹತ್ತು ಗಂಟೆಯವರೆಗೆ ಕ್ಷೇಮ.

ಯಂತ್ರಕ್ಕೆ ಪತ್ರ ಬರೆಯುವುದು ಸರಿಯೇ ಎಂದು ನನ್ನ ಯಜಮಾನರು ಕೇಳಿದರು. ಅವರು ಇದೇ ಘಟಕದಲ್ಲಿ ಪಂಪು ನಡೆಸುವವರು, ಯಂತ್ರಗಳ ಸ್ವಭಾವ ಬಲ್ಲವರು. "ಅದಕ್ಕೆ ಓದೋಕೆ ಬರುತ್ತದೇನೇ?" ಎಂದರು. ಆಫೀಸಿಗೆ ಇದುವರೆಗೆ ಏಳು ಪತ್ರ ಬರೆದಿದ್ದೇನೆ, ಅಲ್ಲಿರುವವರೆಲ್ಲ ಓದು ಬಲ್ಲವರೇ, ಅದರಿಂದ ಏನಾಯಿತು ಹೇಳಿ ಎಂದು ನಾನು ಕೇಳಿದ್ದಕ್ಕೆ ಅವರು ಪಂಪಿನ ಕಡೆ ನಡೆದರು. ಆದ್ದರಿಂದ ಈ ಎಂಟನೆಯ ಪತ್ರದ ಒಂದು ಪ್ರತಿಯನ್ನು ತಮ್ಮ ಮುಂಗಾಜಿಗೂ ಇನ್ನೊಂದನ್ನು ಗೇಟಿಗೂ ಅಂಟಿಸಿದ್ದೇನೆ. ಓದಲು ಮನಸ್ಸಿರುವವರು ಓದಲಿ.

ತಾವು ಈ ಜಾಗಕ್ಕೆ ಹೊಸಬರಾದ್ದರಿಂದ ಸ್ವಲ್ಪ ಹಿಂದಿನ ಕಥೆ ಹೇಳಲು ಅಪ್ಪಣೆ ಕೊಡಬೇಕು. ಆರು ವರ್ಷದ ಹಿಂದೆ ನಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟರೆ ಸಾಲದು, ಬಗೆಬಗೆಯವನ್ನು ಬೆರೆಸಿ ನೆಟ್ಟರೆ ಅವು ಗಾಳಿಯ ಇಂಗಾಲವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತವೆ, ಹಕ್ಕಿಪಕ್ಕಿ ಹುಳುಹುಪ್ಪಟೆಗಳಿಗೂ ನೆಲೆಯಾಗುತ್ತವೆ, ಆದಕಾರಣ ಘಟಕದ ಹಿಂದಿನ ಖಾಲಿ ಜಾಗದಲ್ಲಿ ಕನಿಷ್ಠ ಮೂವತ್ತು ಜಾತಿಯ ಗಿಡಗಳನ್ನು ನೆಡತಕ್ಕದ್ದು ಎಂದು ಅದರಲ್ಲಿತ್ತು. ಸುತ್ತೋಲೆ ಬಂದರೆ ಸಹಿ ಹಾಕಿ ಫೈಲಿಗೆ ಸೇರಿಸಬೇಕೇ ಹೊರತು ಪಾಲಿಸಬಾರದು ಎಂಬ ತಿಳಿವಳಿಕೆ ನನಗೆ ಆಗ ಇರಲಿಲ್ಲ. ಪಾಲಿಸಿಬಿಟ್ಟೆ. ಅದೂ ಮೂವತ್ತಕ್ಕೆ ನಿಲ್ಲಿಸದೆ ಮೂವತ್ತೊಂಬತ್ತು ಜಾತಿ ನೆಟ್ಟೆ, ಒಟ್ಟು ನಾನೂರ ಹನ್ನೆರಡು ಗಿಡ.

ತೊಟ್ಟಿ ತೊಳೆದಾಗ ಬರುವ ಕೆಸರನ್ನು ಎಷ್ಟೋ ವರ್ಷ ತಂದು ಸುರಿದು, ಒಡೆದ ಪೈಪುಗಳನ್ನು ಅದರ ಮೇಲೆ ಎಸೆದು, ಎಲ್ಲಕ್ಕೂ ಮೇಲೆ ಕಾಲು ಮುರಿದ ಒಂದು ಕುರ್ಚಿ ಇಟ್ಟಿದ್ದ ಜಾಗ ಅದು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಆಳಕ್ಕೆ ಬೇರಿಳಿಸುವ ಹುಣಸೆಯ ಪಕ್ಕ ಮೇಲ್ಮಣ್ಣಿನಲ್ಲೇ ಬೇರು ಹರಡುವ ಬಿದಿರು, ಅವಸರದ ನುಗ್ಗೆಯ ನೆರಳಿನಲ್ಲಿ ನಿಧಾನಸ್ಥ ಹಲಸು, ಎತ್ತರಕ್ಕೆ ಹೋಗುವ ನೇರಳೆಯ ಕೆಳಗೆ ಗಿಡ್ಡಗಿರುವ ಸೀಬೆ, ಹೀಗೆ ನೋಡಿ ನೋಡಿ ಇಟ್ಟೆ. ದೊಡ್ಡ ಸಂಸಾರವನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವಾಗ ಯಾರ ಪಕ್ಕ ಯಾರು ಎಂದು ಯೋಚಿಸುತ್ತೇವಲ್ಲ, ಅಷ್ಟೇ ಕಷ್ಟ. ಈಗ ತಮಗೆ ನೆರಳು ಕೊಡುತ್ತಿರುವ ಅತ್ತಿಯಂತೂ ನೀರು ಸೋಸುವ ತೊಟ್ಟಿಯ ಗೋಡೆಯ ಬಿರುಕಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಮೊಳೆತು ಕೂತಿತ್ತು. ಅದನ್ನು ನನ್ನ ಹೇರ್‌ಪಿನ್ನಿನಿಂದ ಬೇರು ಹರಿಯದಂತೆ ಬಿಡಿಸಿ, ಹಾಲಿನ ಖಾಲಿ ಕವರಿನಲ್ಲಿ ಮಣ್ಣು ತುಂಬಿ ಬೆಳೆಸಿದೆ. ಒಂದು ಗಿಡದ ಹೆಸರು ಮಾತ್ರ ಈವರೆಗೂ ಯಾರಿಗೂ ಗೊತ್ತಾಗಿಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಘಟಕದ ಮುಂಭಾಗದಲ್ಲಿ ಬೇರೆಯವರು ಒಂದೇ ಜಾತಿಯ ಮುನ್ನೂರು ಸಸಿಗಳನ್ನು ಹಗ್ಗ ಹಿಡಿದು ನೇರ ಸಾಲಿನಲ್ಲಿ ನೆಟ್ಟಿದ್ದರು. ಮೂರನೆಯ ವರ್ಷ ಉಗುರಿನಷ್ಟೂ ಇಲ್ಲದ ಒಂದು ಹುಳು ಬಂದು ಮೊದಲ ಸಾಲಿನಲ್ಲಿ ಉಪಾಹಾರ ಮುಗಿಸಿ ಕೊನೆಯ ಸಾಲಿನಲ್ಲಿ ರಾತ್ರಿಯೂಟ ಮಾಡಿತು. ಈಗ ಅಲ್ಲಿ ಹುಲ್ಲುಕಡ್ಡಿಯೂ ಇಲ್ಲ. ಆ ಜಾಗಕ್ಕೆ ಇಲಾಖೆಯವರು "ಸಂಪೂರ್ಣ ಕಳೆರಹಿತ ಆವರಣ" ಎಂಬ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಕೊಟ್ಟಿದ್ದಾರೆ. ಪ್ರಮಾಣಪತ್ರದ ಮಾತು ಯಾವ ಅರ್ಥದಲ್ಲಿ ನೋಡಿದರೂ ನಿಜ, ನನ್ನ ತಕರಾರೇನೂ ಇಲ್ಲ.

ಇನ್ನು ತಮ್ಮ ಆಗಮನದ ವಿಷಯ. ಎರಡು ತಿಂಗಳ ಹಿಂದೆ ಇಲಾಖೆಯ ಪರಿವೀಕ್ಷಕಿಯವರು ಬಂದರು. ಐದು ನಿಮಿಷದಲ್ಲಿ ಹೊರಡುತ್ತೇನೆ ಎಂದವರು ಒಂದೂವರೆ ಗಂಟೆ ಒಳಗೇ ಓಡಾಡಿದರು, ನೇರಳೆ ಹಣ್ಣು ಆರಿಸಿ ತಿಂದು ನಾಲಿಗೆ ನೀಲಿ ಮಾಡಿಕೊಂಡರು, ಹದಿನಾಲ್ಕು ಬಗೆಯ ಹಕ್ಕಿ ಎಣಿಸಿ ಹದಿನೈದನೆಯದಕ್ಕೆ ಲೆಕ್ಕ ತಪ್ಪಿದರು. ಹೊರಡುವಾಗ "ಎಂಥ ಜಾಗ ಏನಾಗಿಬಿಟ್ಟಿದೆಯಲ್ರೀ!" ಎಂದು, ತಪಾಸಣೆ ಪುಸ್ತಕದ ಷರಾ ಅಂಕಣದಲ್ಲಿ ತಮ್ಮ ಕೈಯಾರೆ ಹೀಗೆ ಬರೆದರು: "ಸದರಿ ಜಾಗಕ್ಕೆ ಈಗ ವಿಪರೀತ ಕಳೆ ಬಂದಿದೆ."

ತಾವು ಯಂತ್ರದವರಾದರೂ ಕನ್ನಡದ ಯಂತ್ರದವರು, ಆದ್ದರಿಂದ ತಮಗೆ ಅರ್ಥವಾಗಿರಲೇಬೇಕು. ಮದುಮಗಳ ಮುಖಕ್ಕೆ ಬರುವುದೂ ಕಳೆಯೇ, ಗದ್ದೆಯಲ್ಲಿ ಪೈರಿನ ನಡುವೆ ಬರುವುದೂ ಕಳೆಯೇ. ಪರಿವೀಕ್ಷಕಿಯವರು ಮೊದಲನೆಯದನ್ನು ಬರೆದರು. ಕೇಂದ್ರ ಕಚೇರಿಯವರು ಎರಡನೆಯದನ್ನು ಓದಿದರು. ಆ ವಾಕ್ಯ ನೆಟ್ಟಗೆ ಕಳೆ ನಿರ್ಮೂಲನಾ ಶಾಖೆಗೆ ಹೋಯಿತು, ಅಲ್ಲಿಂದ "ಸದರಿ ಕಳೆಯನ್ನು ಬುಡಸಮೇತ ತೆಗೆಯತಕ್ಕದ್ದು" ಎಂಬ ಆದೇಶವಾಗಿ ತಮ್ಮ ಬೆನ್ನೇರಿ ನಮ್ಮ ಗೇಟಿಗೆ ಬಂತು. ಆರು ವರ್ಷದಲ್ಲಿ ನಮ್ಮ ಒಂದು ಕಾಗದಕ್ಕೆ ಇಲಾಖೆ ಇಷ್ಟು ಚುರುಕಾಗಿ ಸ್ಪಂದಿಸಿದ್ದು ಇದೇ ಮೊದಲು, ಅದಕ್ಕಾಗಿ ಅಭಿನಂದಿಸದೆ ಇರಲಾರೆ.

ನಾನು ಶಾಖೆಗೆ ಹೋಗಿ ಅಲ್ಲಿನ ಮುಖ್ಯ ಗುಮಾಸ್ತರ ಮೇಜಿನ ಮುಂದೆ ನಿಂತು, ಸ್ವಾಮೀ ಇದು ಹೊಗಳಿಕೆ ಎಂದೆ. ಅವರು ಕನ್ನಡಕ ಏರಿಸಿ ಷರಾವನ್ನು ಮೂರು ಸಲ ಓದಿ, "ನೋಡಮ್ಮಾ, ನಮ್ಮದು ಕಳೆ ಶಾಖೆ. ಇಲ್ಲಿಗೆ ಬಂದ ಕಳೆ ಕಳೆಯೇ. ಹೊಗಳಿಕೆಗೆ ನಮ್ಮಲ್ಲಿ ಶಾಖೆ ಇಲ್ಲ" ಎಂದರು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪರಿವೀಕ್ಷಕಿಯವರಿಗೆ ಫೋನು ಮಾಡಿದೆ. "ಅಯ್ಯೋ ದೇವರೇ, ನಾನು ಚೆನ್ನಾಗಿದೆ ಅಂತ ಬರೆದಿದ್ದು ಕಣ್ರೀ!" ಎಂದು ಅಳುವ ಹಾಗಾದ ಆ ಪುಣ್ಯಾತಗಿತ್ತಿ ಅದೇ ದಿನ ತಿದ್ದುಪಡಿ ಕಳಿಸಿದರು: "ಸದರಿ ಕಳೆಯನ್ನು ತೆಗೆಯದೆ ಕಾಪಾಡಿಕೊಂಡು ಬರುವುದು." ಸರ್ಕಾರಿ ಜಾಗದಲ್ಲಿ ಕಳೆಯನ್ನು ಕಾಪಾಡಲು ಶಿಫಾರಸು ಮಾಡಿದ್ದೇಕೆಂದು ಈಗ ಅವರಿಗೂ ಒಂದು ನೋಟಿಸು ಹೋಗಿದೆ.

ಅಷ್ಟರಲ್ಲಿ ಅಂಕಿಅಂಶದವರ ಕೈಗೂ ಆ ಪುಟ ಸಿಕ್ಕಿತು. ಅವರು "ಮರಗಳು 412, ಷರಾ: ಕಳೆ" ಎಂಬುದನ್ನು ತಮ್ಮ ಕಸುಬಿಗೆ ತಕ್ಕಂತೆ ಓದಿಕೊಂಡು, ಊರಿನ ಒಟ್ಟು ಮರಗಳಿಂದ ನಾನೂರ ಹನ್ನೆರಡನ್ನು ಕಳೆದುಬಿಟ್ಟರು. ಆದ್ದರಿಂದ ಮಾನ್ಯರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ದಾಖಲೆಯ ಪ್ರಕಾರ ಇಲ್ಲಿ ಮರಗಳೇ ಇಲ್ಲ. ಇಲ್ಲದ ಮರಗಳನ್ನು ಕೊಚ್ಚಲು ತಮ್ಮಂಥ ಘನವಂತರು ಡೀಸೆಲ್ ಸುಡುವುದು, ಸುಟ್ಟು ಹೊಗೆ ಬಿಡುವುದು, ಆ ಹೊಗೆಯಲ್ಲಿನ ಇಂಗಾಲವನ್ನು ಹಿಡಿದಿಡಲು ಮತ್ತೆ ಇಲ್ಲಿಯೇ ಯಾವ ಮರವೂ ಇಲ್ಲದಿರುವುದು, ಇದೆಲ್ಲ ತಮ್ಮ ಘನತೆಗೆ ತಕ್ಕದ್ದಲ್ಲ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಒಂದು ಖಾಸಗಿ ವಿಷಯವನ್ನೂ ಹೇಳಿಕೊಳ್ಳುತ್ತೇನೆ, ತಾವು ಎಲ್ಲಿಯೂ ಬಾಯಿ ಬಿಡುವುದಿಲ್ಲವೆಂಬ ಭರವಸೆಯಿಂದ. ನಾವು ಮೂವರು ಅಕ್ಕತಂಗಿಯರು. ಮನೆಯಲ್ಲಿ ಫೋಟೊ ತೆಗೆಸುವಾಗಲೆಲ್ಲ ನಮ್ಮ ದೊಡ್ಡಮ್ಮ ನನ್ನ ಭುಜ ಹಿಡಿದು ಹಿಂದಿನ ಸಾಲಿಗೆ ಸರಿಸಿ, "ಇವಳೊಬ್ಬಳಿಗೆ ಮುಖದಲ್ಲಿ ಕಳೆಯೇ ಇಲ್ಲ ನೋಡು" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಇವತ್ತು ಮೋಡ ಇದೆ ಎನ್ನುವ ಹಾಗೆ ಹೇಳುತ್ತಿದ್ದರು. ಐವತ್ತೊಂದು ವರ್ಷ ನಾನೂ ಅದನ್ನು ಒಪ್ಪಿಕೊಂಡು, ಯಾರು ಫೋಟೊ ಎಂದರೂ ನಾನಾಗಿಯೇ ಹಿಂದೆ ಹೋಗಿ ನಿಲ್ಲುತ್ತ ಬಂದೆ. ಪರಿವೀಕ್ಷಕಿಯವರು ಹೊರಟ ಮೇಲೆ ಆ ಷರಾ ಓದಿ, ಪಂಪುಮನೆಯ ಹಿಂದೆ ಹೋಗಿ ಚೆನ್ನಾಗಿ ಅತ್ತೆ. ನನ್ನದು ಎನ್ನಬಹುದಾದ ಒಂದಕ್ಕೆ ಕಳೆ ಬಂದಿದೆ ಎಂದು ಒಬ್ಬರು ಬರೆದು ಸಹಿ ಹಾಕಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಅದನ್ನು ಬುಡಸಮೇತ ತೆಗೆಯಲು ಇಲಾಖೆ ತಮ್ಮನ್ನು ಕಳಿಸಿಕೊಟ್ಟಿದೆ.

ಬಂದ ದಿನವೇ ತಾವು ಬೆಲ್ಟು ಹರಿದುಕೊಂಡು ಅತ್ತಿಯ ಕೆಳಗೆ ಕೂತಿರಿ. ತೊಡೆಗಾತ್ರದ ಕಾಂಡವನ್ನೂ ಹಿಟ್ಟು ಮಾಡಬಲ್ಲ ತಾವು ಒಂದು ರಬ್ಬರು ಪಟ್ಟಿಗೆ ಸೋತದ್ದನ್ನು ಇತರರು ಕೀಳು ಸಾಮಾನಿನ ತಪ್ಪು ಎನ್ನುತ್ತಾರೆ. ನಾನು ಮಾತ್ರ ಅದನ್ನು ತಮ್ಮ ದೊಡ್ಡ ಮನಸ್ಸು ಎಂದೇ ನಂಬಿದ್ದೇನೆ. ಹೊಸ ಬೆಲ್ಟು ಸೋಮವಾರ ಬೆಳಗ್ಗೆ ಹತ್ತಕ್ಕೆ ಬರುತ್ತದಂತೆ. ಈ ಹತ್ತೊಂಬತ್ತು ದಿನ ತಾವೇನೂ ಸುಮ್ಮನೆ ಕೂತಿರಲಿಲ್ಲ. ತಮ್ಮ ಎಡಗಾಲಿಯಿಂದ ಹತ್ತಿದ ಬಳ್ಳಿಯೊಂದು ಸ್ಟಿಯರಿಂಗನ್ನು ಎರಡು ಸುತ್ತು ಸುತ್ತಿದೆ, ಬಾನೆಟ್ಟಿನ ಧೂಳಿನಲ್ಲಿ ಏನೋ ಮೊಳಕೆಯೊಡೆದಿದೆ, ಒಡೆದ ಬಲಗಡೆಯ ದೀಪದೊಳಗೆ ಒಂದು ಪುಟ್ಟ ಹಕ್ಕಿ ನಾರು ಹಾಸಿ ಮೂರು ಮೊಟ್ಟೆ ಇಟ್ಟಿದೆ. ತಮ್ಮ ಚಾಲಕ ನಿನ್ನೆ ಅದರೊಳಗೆ ಇಣುಕಿ ನೋಡಿ, ಬೀಡಿ ಆರಿಸಿ, "ಅಕ್ಕಾ, ನಂದೇನಿದೆ, ಹೇಳಿದ್ದು ಮಾಡೋನು ನಾನು. ಆದ್ರೆ ಕಾವಿಗೆ ಕೂತಿದೆಯಲ್ಲ, ಇದನ್ನ ಹೇಗೆ ಸ್ಟಾರ್ಟ್ ಮಾಡ್ಲಿ?" ಎಂದು ನನ್ನನ್ನೇ ಕೇಳಿದ. ನಾನು ಅವನಿಗೆ ಒಂದು ಲೋಟ ಚಹಾ ಕೊಟ್ಟೆ.

ಈ ಎಲ್ಲ ಕಾರಣಗಳಿಂದ ಮಾನ್ಯರಲ್ಲಿ ವಿನಂತಿಸುವುದೇನೆಂದರೆ, ಸೋಮವಾರ ಬೆಲ್ಟು ಬಂದಾಗ ತಾವು ಅದನ್ನು ನಯವಾಗಿ ನಿರಾಕರಿಸಬೇಕು. ನಿರಾಕರಿಸಲು ನಿಯಮ ಅಡ್ಡ ಬಂದರೆ, ಮೊಟ್ಟೆಯೊಡೆದು ಮರಿ ಹಾರುವವರೆಗೆ ಬಾಣಂತನದ ರಜೆಗೆ ಅರ್ಜಿ ಹಾಕಬೇಕು, ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ. ಆ ಮರಿಗಳು ಅತ್ತಿಹಣ್ಣು ತಿಂದು ತಮ್ಮ ಮೇಲೆ ಹಿಕ್ಕೆ ಹಾಕಿದರೆ ಬೇಸರಿಸದೆ ಅದರಿಂದ ಮೊಳೆತದ್ದಕ್ಕೂ ಜಾಗ ಕೊಡಬೇಕು. ಇಷ್ಟಾದ ಮೇಲೂ ಇಲ್ಲಿ ಏನನ್ನಾದರೂ ಕಳೆಯಲೇಬೇಕು ಎಂದು ಮೇಲಿನವರ ಒತ್ತಾಯವಿದ್ದರೆ, ದಯಮಾಡಿ ಕಾಲ ಕಳೆಯಬೇಕು. ನೆರಳು ಇದೆ, ನೀರು ಇದೆ, ಇನ್ನು ಮೂರು ವಾರಕ್ಕೆ ಸೀಬೆಯೂ ಹಣ್ಣಾಗುತ್ತದೆ.

ತಪ್ಪು ಬರೆದಿದ್ದರೆ ಕ್ಷಮೆ ಇರಲಿ, ಸರಿಯಾಗಿ ಓದದಿದ್ದರೆ ಅದಕ್ಕೂ ನನ್ನದೇ ಕ್ಷಮೆ ಇರಲಿ.

ತಮ್ಮ ವಿಶ್ವಾಸಿ,
ಸಸಿಮಡಿಯವಳು
(ಮೂವರು ಅಕ್ಕತಂಗಿಯರಲ್ಲಿ ನಡುವಿನವಳು, ಫೋಟೊದಲ್ಲಿ ಹಿಂದಿನ ಸಾಲು)

ತಾಜಾಕಲಂ: ಪತ್ರ ಅಂಟಿಸಲು ಗೋಂದು ಕಲಸುತ್ತಿರುವಾಗ ತಮ್ಮ ಚಾಲಕ ಇನ್ನೊಂದು ಆದೇಶದ ಪ್ರತಿಯನ್ನು ಹಿಡಿದು ಓಡಿಬಂದ. ಸ್ಟಿಯರಿಂಗಿಗೆ ಬಳ್ಳಿ ಸುತ್ತಿರುವುದನ್ನು ಆ ಪಾಪದವನು ಪ್ರಾಮಾಣಿಕವಾಗಿ ಶಾಖೆಗೆ ತಿಳಿಸಿದ್ದನಂತೆ, "ಯಂತ್ರಕ್ಕೂ ಕಳೆ ಬಂದಿದೆ" ಎಂದು. ಅದರ ಮೇರೆಗೆ ಸೋಮವಾರ ಹತ್ತು ಗಂಟೆಗೆ ಬೆಲ್ಟಿನ ಜೊತೆಗೆ ತಮಗಿಂತ ದೊಡ್ಡದಾದ ಇನ್ನೊಂದು ಯಂತ್ರವೂ ಬರುತ್ತಿದೆ, ತಮ್ಮನ್ನು ಬುಡಸಮೇತ ತೆಗೆಯಲು. ತಾವು ಎದೆಗುಂದಬಾರದು. ಅದನ್ನು ಹೊಗಳಿಕೆ ಎಂದೇ ಓದಿಕೊಳ್ಳಿ, ಈ ಹಸಿರಿನಲ್ಲಿ ತಮಗೆ ನಿಜವಾಗಿಯೂ ಕಳೆ ಬಂದಿದೆ. ಗೇಟಿನ ಬೀಗದ ಕೈ ನನ್ನ ಸೊಂಟದಲ್ಲಿದೆ, ಸೋಮವಾರ ಒಂಬತ್ತಕ್ಕೇ ಬಂದು ಗೇಟಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ತಾವೂ ನಾನೂರ ಹನ್ನೆರಡು ಮರಗಳೂ ಹಿಂದಿನ ಸಾಲಿನಲ್ಲಿ ಇರತಕ್ಕದ್ದು. ಈ ಸಲ ಮುಂದಿನ ಸಾಲು ನನ್ನದು.